ಎರೆಮಣ್ಣಿನ ಮೇಲೆ ಮನೆ: ಪಾಯ ತೋಡುವ ಮುನ್ನ ಮಣ್ಣಿನ ಸೆಳೆತ ಅಳೆಯಿರಿ

ವಿಜಯಪುರ, ಕಲಬುರಗಿ, ಗದಗ, ಬಾಗಲಕೋಟೆ ಕಡೆಯ ಎರೆ (ಕಪ್ಪುಮಣ್ಣಿನ) ಹೊಲದಲ್ಲಿ ಮೇ ತಿಂಗಳಲ್ಲಿ ಗುದ್ದಲಿ ಇಳಿಯುವುದಿಲ್ಲ, ಹಾರೆಯೇ ಬೇಕು. ಅದೇ ಜಾಗದಲ್ಲಿ ಸೆಪ್ಟೆಂಬರ್ ಮಳೆ ಬಿದ್ದ ಮೇಲೆ ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತದೆ. ಮಣ್ಣೂ ಅದೇ, ಅದರೊಳಗಿನ ಖನಿಜವೂ ಅದೇ. ಬದಲಾದದ್ದು ಕಣಗಳ ನಡುವಿನ ನೀರಿನ ಸ್ಥಿತಿ ಮಾತ್ರ. ಆದರೂ ಬೇಸಿಗೆಯಲ್ಲಿ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ, ಆಗ ಬಂದ ಧಾರಣಶಕ್ತಿಯ ಅಂಕಿಯನ್ನೇ ನಂಬಿ ಪಾಯ ಹಾಕುವುದು ಇವತ್ತಿಗೂ ನಡೆದೇ ಇದೆ. ಆ ಅಂಕಿಯ ದೊಡ್ಡ ಪಾಲು ಮಣ್ಣಿನ ಸ್ವಂತದ್ದಲ್ಲ, ಒಣ ಹವೆ ಕೊಟ್ಟ ಕಡ. ಮಳೆ ಬಂದಾಗ ಅದು ವಾಪಸು ಹೋಗುತ್ತದೆ. ಎಷ್ಟು ಕಡ ಇದೆ, ಎಷ್ಟು ಆಳದವರೆಗೆ ಇದೆ ಎಂಬುದನ್ನು ಅಳೆದು ನೋಡದೆ ಎರೆಭೂಮಿಯಲ್ಲಿ ಪಾಯದ ಆಳ ನಿರ್ಧರಿಸಬಾರದು. ಅಳೆಯುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಸೂಕ್ಷ್ಮ ತಕ್ಕಡಿ ಇರುವ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಆಗುವ ಕೆಲಸ ಅದು.

ಗಟ್ಟಿತನ ಎಲ್ಲಿಂದ ಬರುತ್ತದೆ

ಅಂತರ್ಜಲ ಮಟ್ಟಕ್ಕಿಂತ ಮೇಲಿನ ಮಣ್ಣಿನ ಸಂದುಗಳಲ್ಲಿ ನೀರೂ ಇರುತ್ತದೆ, ಗಾಳಿಯೂ ಇರುತ್ತದೆ. ಎರಡೂ ಸೇರುವಲ್ಲಿ ನೀರಿನ ಮೈ ಒಳಕ್ಕೆ ಬಾಗಿ, ಅಕ್ಕಪಕ್ಕದ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಗಾಳಿಯ ಒತ್ತಡದಿಂದ ನೀರಿನ ಒತ್ತಡವನ್ನು ಕಳೆದರೆ ಉಳಿಯುವ ಈ ಸೆಳೆತವನ್ನು ಸಕ್ಷನ್ ಎನ್ನುತ್ತೇವೆ. ಸಂದು ಸಣ್ಣದಾದಷ್ಟೂ ಅದು ಹೆಚ್ಚು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.072 ನ್ಯೂಟನ್. 1 ಮೈಕ್ರಾನ್ ತ್ರಿಜ್ಯದ ಸಂದಿಯಲ್ಲಿ ಅದು 144 ಕಿಲೋಪಾಸ್ಕಲ್ (ಒತ್ತಡ ಅಳೆಯುವ ಮಾನ) ಸೆಳೆತ ಕೊಟ್ಟರೆ, 0.1 ಮೈಕ್ರಾನ್ ಸಂದಿಯಲ್ಲಿ 1,440. ಎರೆಮಣ್ಣಿನ ಸಂದುಗಳು ಈ ಅಳತೆಯವೇ. ಹಿಂಗಾರಿಯಲ್ಲಿ ಮಳೆಯೇ ಬೀಳದಿದ್ದರೂ ಬಿಳಿಜೋಳ ಬೆಳೆಯುವುದು, ಬೇಸಿಗೆಯಲ್ಲಿ ಹಾರೆ ಬೇಕಾಗುವುದು, ಎರಡಕ್ಕೂ ಮಣ್ಣು ನೀರನ್ನು ಹೀಗೆ ಬಿಗಿಯಾಗಿ ಹಿಡಿದುಕೊಳ್ಳುವುದೇ ಕಾರಣ.

ಪೂರ್ತಿ ನೀರು ತುಂಬಿದ ಮಣ್ಣಿಗೆ ಟೆರ್ಝಾಗಿ ಕೊಟ್ಟ ಪರಿಣಾಮಕಾರಿ ಒತ್ತಡದ ಸೂತ್ರ (ಒಟ್ಟು ಒತ್ತಡದಿಂದ ನೀರಿನ ಒತ್ತಡ ಕಳೆದದ್ದು) ಸಾಕು. ಅರೆತೇವದ ಮಣ್ಣಿಗೂ ಅದನ್ನು ಹಿಗ್ಗಿಸಲು ಬಿಷಪ್ 1959ರಲ್ಲಿ ಪ್ರಯತ್ನಿಸಿದರು. ಆದರೆ ನೀರು ತಾಗಿದ ಕೂಡಲೇ ಕುಸಿಯುವ ಮಣ್ಣಿನ ವರ್ತನೆಯನ್ನು ಒಂದೇ ಒತ್ತಡದ ಅಂಕಿಯಿಂದ ವಿವರಿಸಲಾಗದು ಎಂದು ಜೆನ್ನಿಂಗ್ಸ್ ಮತ್ತು ಬರ್ಲ್ಯಾಂಡ್ 1962ರಲ್ಲಿ ತೋರಿಸಿದರು. 1977ರಲ್ಲಿ ಫ್ರೆಡ್ಲಂಡ್ ಮತ್ತು ಮಾರ್ಗನ್‌ಸ್ಟರ್ನ್ ಮೇಲಿನ ಭಾರ ಮತ್ತು ಸಕ್ಷನ್ ಇವೆರಡನ್ನೂ ಬೇರೆಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯಬೇಕು ಎಂದರು. ಕೆಲಸದ ಜಾಗದಲ್ಲಿ ಇದರ ಅರ್ಥ ಇಷ್ಟೇ: ಮಣ್ಣಿನ ವರದಿಯಲ್ಲಿ ಭಾರದ ಅಂಕಿ ಮಾತ್ರ ಇದ್ದು ಸಕ್ಷನ್ ಇಲ್ಲದಿದ್ದರೆ ಅದು ಅರ್ಧ ವರದಿ.

ಲೆಕ್ಕ ನೋಡಿ. ಸಕ್ಷನ್‌ನಿಂದ ಮಣ್ಣಿನ ಬಿಗಿ ಏರುವ ದರವನ್ನು ಒಂದು ಕೋನದಲ್ಲಿ ಹೇಳುವುದು ರೂಢಿ. ಅದು 15 ಡಿಗ್ರಿ ಎಂದಿಟ್ಟುಕೊಂಡರೆ, 200 ಕಿಲೋಪಾಸ್ಕಲ್ ಸಕ್ಷನ್ ಇರುವಾಗ ಮಣ್ಣಿಗೆ ಹೆಚ್ಚುವರಿಯಾಗಿ ಸಿಗುವ ಬಿಗಿ ಸುಮಾರು 54 ಕಿಲೋಪಾಸ್ಕಲ್. ಮಳೆ ಬಂದು ಸಕ್ಷನ್ 10ಕ್ಕೆ ಇಳಿದರೆ ಉಳಿಯುವುದು 3ಕ್ಕೂ ಕಡಿಮೆ. ಒಣ ಮಣ್ಣಿನ ಸಕ್ಷನ್ ಸಾವಿರ ದಾಟಿದಾಗ ಈ ಕೋನ ತಾನೇ ಕಡಿಮೆಯಾಗುತ್ತದೆ, ಹಾಗಾಗಿ ಬಿಗಿ ಅದೇ ಪ್ರಮಾಣದಲ್ಲಿ ಏರುತ್ತಲೇ ಹೋಗುವುದಿಲ್ಲ. ಇಳಿಯುವಾಗ ಮಾತ್ರ ಪೂರ್ತಿ ಇಳಿಯುತ್ತದೆ.

ಎರೆಮಣ್ಣಿನಲ್ಲಿ ಇದರ ಜೊತೆ ಇನ್ನೊಂದು ತೊಂದರೆ ಇದೆ. ಬಸಾಲ್ಟ್ ಶಿಲೆ ಕರಗಿ ಹುಟ್ಟಿದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಸಕ್ಷನ್ ಇಳಿದಂತೆ ನೀರು ಅದರ ಪದರಗಳ ಒಳಕ್ಕೇ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ಮನೆ ಬಿರುಕು ಬಿಡುವುದು ಹೆಚ್ಚಾಗಿ ಮಣ್ಣು ಭಾರ ತಾಳದೆ ಕುಸಿದದ್ದರಿಂದಲ್ಲ, ಒಂದೆಡೆ ಉಬ್ಬಿ ಇನ್ನೊಂದೆಡೆ ಉಬ್ಬದೆ ಇದ್ದದ್ದರಿಂದ.

ಮೊದಲ ಹೆಜ್ಜೆ: ಎರಡು ಋತುವಿನಲ್ಲಿ ತೋಡಿ

ಮೇ ಕೊನೆಯಲ್ಲಿ ಒಮ್ಮೆ, ಮಳೆ ಮುಗಿಯುವ ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಮಾದರಿ ತೆಗೆಯಬೇಕು. ಅಷ್ಟು ಕಾಯಲು ಆಗುವುದಿಲ್ಲ ಎಂದಾದರೆ ಮೇ ತಿಂಗಳದ್ದನ್ನು ಬಿಡಬೇಡಿ, ಉಬ್ಬುವ ಶಕ್ತಿ ಗೊತ್ತಾಗುವುದು ಒಣ ಮಾದರಿಯಿಂದಲೇ. 100 ಮಿಲಿಮೀಟರಿನ ಕೈ ಆಗರ್ (ಮಣ್ಣು ಕೊರೆಯುವ ಬೈರಿಗೆ) ಸಾಕು. 4ರಿಂದ 5 ಮೀಟರ್ ಆಳಕ್ಕೆ ಹೋಗಿ. ಮೊದಲ 2 ಮೀಟರಿನಲ್ಲಿ ಪ್ರತಿ 25 ಸೆಂಟಿಮೀಟರಿಗೆ, ಆಮೇಲೆ ಅರ್ಧ ಮೀಟರಿಗೆ ಒಂದೊಂದು ಮಾದರಿ ತೆಗೆಯಿರಿ. ಒಂದು ನಿವೇಶನಕ್ಕೆ ಕನಿಷ್ಠ ಎರಡು ಬೋರು ಬೇಕು: ಒಂದು ಬಯಲಿನಲ್ಲಿ, ಇನ್ನೊಂದು ಮರ, ಹಳೆಯ ಬಾವಿ ಅಥವಾ ಬಚ್ಚಲು ನೀರು ಹರಿಯುವ ಜಾಗದ ಹತ್ತಿರ. ಮನೆ ಒಡೆಯುವುದು ಇವೆರಡರ ನಡುವಿನ ವ್ಯತ್ಯಾಸದಿಂದ.

ಆಗರ್ ಪುಡಿ ಮಾಡಿ ತಂದ ಮಣ್ಣು ತೇವಾಂಶಕ್ಕೆ ಸಾಕು. ಸಕ್ಷನ್‌ಗೆ, ಉಬ್ಬು ಪರೀಕ್ಷೆಗೆ ಗಟ್ಟಿ ಹೆಂಟೆ ಅಥವಾ ಕೊಳವೆಯಲ್ಲಿ ಒತ್ತಿ ತೆಗೆದ ಮಾದರಿಯೇ ಬೇಕು. ಹೊರಬಂದ ಕೂಡಲೇ ಎರಡು ಸುತ್ತು ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಣ ಬಳಿದು, ನೆರಳಲ್ಲಿಡಿ. ಬಿಸಿಲಿನಲ್ಲಿ ಹತ್ತು ನಿಮಿಷ ಬಿಟ್ಟರೂ ಹೆಂಟೆಯ ಹೊರಮೈ ಒಣಗಿ ಸಕ್ಷನ್ ಅಂಕಿ ಸುಳ್ಳಾಗುತ್ತದೆ.

ತೋಡುವಾಗ ಕಣ್ಣಿಗೆ ಕಂಡದ್ದನ್ನೂ ಬರೆದಿಡಿ. ಬಿರುಕಿನೊಳಗೆ ತೆಳು ಕಂಬಿ ಇಳಿಸಿ ಆಳ ಅಳೆಯಿರಿ. ಹೆಂಟೆ ಒಡೆದಾಗ ನುಣುಪಾಗಿ ಹೊಳೆಯುವ ಓರೆ ಮೈ ಕಂಡರೆ, ಆ ಆಳದಲ್ಲಿ ಮಣ್ಣು ವರ್ಷಾವರ್ಷ ಉಬ್ಬಿ ಜಾರುತ್ತಿದೆ ಎಂದು ಅರ್ಥ. ಸುಣ್ಣದ ಹರಳು ಎಷ್ಟು ಆಳದಿಂದ ಶುರು, ಗರಸು ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನೂ ಬಿಡದೆ ಬರೆಯಿರಿ. 2 ಮೀಟರಿನೊಳಗೆ ಗಟ್ಟಿ ಗರಸು ಸಿಕ್ಕರೆ ಮುಂದಿನ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು: ತೇವಾಂಶ ಮತ್ತು ಮುಕ್ತ ಉಬ್ಬು

ತೇವಾಂಶವನ್ನು 105ರಿಂದ 110 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿಸಿ ಅಳೆಯಿರಿ. ಜಿಪ್ಸಂ ಹರಳು ಇರುವ ಮಣ್ಣನ್ನು 60ರಿಂದ 80 ಡಿಗ್ರಿಯಲ್ಲೇ ಒಣಗಿಸಬೇಕು, ಇಲ್ಲದಿದ್ದರೆ ಹರಳಿನೊಳಗಿನ ನೀರೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಬರೀ ತೇವಾಂಶದ ಶೇಕಡಾವಾರು ಏನನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ. ಶೇ. 25 ತೇವ ಮಸಾರಿ ಮಣ್ಣಿನಲ್ಲಿ ಕೆಸರು, ದ್ರವಮಿತಿ (ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶ) 70 ಇರುವ ಎರೆಯಲ್ಲಿ ಅದು ಒಣ ಸ್ಥಿತಿ. ಅದಲ್ಲದೆ ಅದೇ ಮಣ್ಣು ಅದೇ ತೇವಾಂಶದಲ್ಲಿ ಒಣಗುತ್ತಾ ಬಂದಾಗ ಒಂದು ಸಕ್ಷನ್, ನೆನೆಯುತ್ತಾ ಬಂದಾಗ ಇನ್ನೊಂದು ಸಕ್ಷನ್ ತೋರಿಸುತ್ತದೆ. ಹಾಗಾಗಿ ತೇವಾಂಶದಿಂದ ಸಕ್ಷನ್ ಊಹಿಸುವುದು ಬೇಡ.

ಮೇಲೆ ಭಾರವಿಲ್ಲದೆ ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೋಡುವ ಮುಕ್ತ ಉಬ್ಬು ಪರೀಕ್ಷೆ ಭಾರತೀಯ ಮಾನಕ ಐಎಸ್ 2720ರ ಭಾಗ 40ರಲ್ಲಿದೆ. 425 ಮೈಕ್ರಾನ್ ಜರಡಿ ಹಿಡಿದ, ಓವನ್‌ನಲ್ಲಿ ಒಣಗಿಸಿದ ಮಣ್ಣು ಹತ್ತತ್ತು ಗ್ರಾಂ. 100 ಮಿಲಿಲೀಟರಿನ ಎರಡು ಅಳತೆ ಸಿಲಿಂಡರ್, ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಮಣ್ಣು ಸುರಿದು, ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಬಿಡಿ. ನೀರಿನಲ್ಲಿ 24 ಮಿಲಿಲೀಟರ್, ಸೀಮೆಎಣ್ಣೆಯಲ್ಲಿ 11 ಬಂತೆನ್ನಿ. ವ್ಯತ್ಯಾಸ 13, ಅದನ್ನು 11ರಿಂದ ಭಾಗಿಸಿದರೆ ಶೇ. 118. ಐಎಸ್ 1498ರ ಪ್ರಕಾರ 50ರೊಳಗೆ ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ನಲ್ಲಿ ನೀರು, ಬೋರ್ ನೀರು ಬಳಸಿದರೆ ಅದರ ಲವಣಗಳು ಉಬ್ಬನ್ನು ತಗ್ಗಿಸಿ ಅಪಾಯಕಾರಿ ಮಣ್ಣನ್ನೂ ಸಾಧು ಎಂದು ತೋರಿಸುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು ಕೆ. ಪ್ರಕಾಶ್ ಜೊತೆಗೂಡಿ ಇದೇ ಎರಡು ಅಳತೆಗಳ ಅನುಪಾತವನ್ನು ನೇರವಾಗಿ ಬಳಸುವ ವಿಧಾನ ಕೊಟ್ಟಿದ್ದಾರೆ. ನೀರಿನಲ್ಲಿನ ಗಾತ್ರವನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸುವುದು, ಅಷ್ಟೇ. 1ರೊಳಗೆ ಬಂದರೆ ಉಬ್ಬು ನಗಣ್ಯ, 1.5ರವರೆಗೆ ಕಡಿಮೆ, 2ರವರೆಗೆ ಮಧ್ಯಮ, 4ರವರೆಗೆ ಹೆಚ್ಚು, ಅದರಾಚೆ ಅತಿ ಹೆಚ್ಚು. ನಮ್ಮ ಉದಾಹರಣೆಯಲ್ಲಿ 2.2. ಕಯೊಲಿನೈಟ್ ಎಂಬ, ಹೆಚ್ಚು ಉಬ್ಬದ ಜೇಡಿ ಖನಿಜ ತುಂಬಿರುವ ಕೆಂಪು ಮಣ್ಣು ಸೀಮೆಎಣ್ಣೆಯಲ್ಲೇ ಹೆಚ್ಚು ಜಾಗ ಹಿಡಿಯುವುದರಿಂದ ಹಳೆಯ ಸೂತ್ರ ಅದಕ್ಕೆ ಋಣ ಅಂಕಿ ಕೊಡುತ್ತದೆ. ಅನುಪಾತದಲ್ಲಿ ಆ ಗೊಂದಲವಿಲ್ಲ, ಖನಿಜ ಯಾವುದೆಂಬ ಸುಳಿವೂ ಸಿಗುತ್ತದೆ. ಎರೆಗೆ ಬದಲಾಗಿ ತುಂಬಲು ತರುವ ಗರಸನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೂರನೆಯದು: ಶೋಧಕ ಕಾಗದದಿಂದ ಸಕ್ಷನ್

ಮಣ್ಣಿನ ಸಕ್ಷನ್ ಅಳೆಯಲು ಕೃಷಿಯವರು ಬಳಸುವ ಟೆನ್ಸಿಯೋಮೀಟರ್ ಸುಮಾರು 85 ಕಿಲೋಪಾಸ್ಕಲ್ ದಾಟಿದರೆ ಒಳಗೆ ಗುಳ್ಳೆ ಎದ್ದು ಕೆಲಸ ನಿಲ್ಲಿಸುತ್ತದೆ. ಬೇಸಿಗೆಯ ಎರೆಯಲ್ಲಿ ಅದು ನಿರುಪಯೋಗಿ. ಶೋಧಕ ಕಾಗದಕ್ಕೆ ಆ ಮಿತಿ ಇಲ್ಲ. ಮಣ್ಣಿನ ಜೊತೆ ಕಾಗದವನ್ನು ಮುಚ್ಚಿಟ್ಟರೆ ಎರಡರ ಸಕ್ಷನ್ ಸಮವಾಗುವವರೆಗೆ ಕಾಗದ ನೀರು ಹೀರುತ್ತದೆ. ಕಾಗದದ ತೇವಾಂಶ ತೂಗಿದರೆ ಮಣ್ಣಿನ ಸಕ್ಷನ್ ಗೊತ್ತಾಯಿತು. ಎಎಸ್‌ಟಿಎಂ ಡಿ5298 ಎಂಬ ಮಾನಕದಲ್ಲಿ ಇದರ ವಿವರ ಇದೆ.

ಬೇಕಾದದ್ದು: ವಾಟ್‌ಮನ್ 42 ನಂಬರಿನ 55 ಮಿಲಿಮೀಟರ್ ಕಾಗದ, ಅದಕ್ಕಿಂತ ಸ್ವಲ್ಪ ದೊಡ್ಡ ರಕ್ಷಣೆ ಕಾಗದ, ಬಿಗಿ ಮುಚ್ಚಳದ ಗಾಜಿನ ಬಾಟಲಿ, ಮುಚ್ಚಳವಿರುವ ಸಣ್ಣ ಅಲ್ಯೂಮಿನಿಯಂ ಡಬ್ಬಿಗಳು, ಚಿಮಟ, ಕೈಗವಸು, ಇನ್ಸುಲೇಷನ್ ಟೇಪ್, ಥರ್ಮೋಕೋಲ್ ಪೆಟ್ಟಿಗೆ, 0.0001 ಗ್ರಾಂವರೆಗೆ ತೋರಿಸುವ ತಕ್ಕಡಿ. ಕೊನೆಯದರಲ್ಲಿ ರಾಜಿ ಬೇಡ. ಈ ಕಾಗದದ ಒಣ ತೂಕವೇ ಸುಮಾರು 0.24 ಗ್ರಾಂ. ತೂಕದಲ್ಲಿ ಒಂದು ಮಿಲಿಗ್ರಾಂ ತಪ್ಪಿದರೂ ಸಕ್ಷನ್ ಶೇ. 8ರಷ್ಟು ತಪ್ಪುತ್ತದೆ. ಬೆರಳು ತಾಗಿದರೆ ಅಂಟುವ ಬೆವರು, ಎಣ್ಣೆ ಅಷ್ಟು ತಪ್ಪಿಗೆ ಸಾಕು.

ಹೆಂಟೆಯನ್ನು ಬಾಟಲಿಗೆ ಹಿಡಿಸುವಂತೆ ಕೆತ್ತಿ, ನಡುವೆ ಕೊಯ್ದು ಎರಡು ಚಪ್ಪಟೆ ಹೋಳು ಮಾಡಿ. ಒಣ ಕಾಗದ ಮೂರನ್ನು ಒಂದರ ಮೇಲೊಂದು ಇಡಿ: ಮೇಲೆ ಕೆಳಗೆ ದೊಡ್ಡವು, ನಡುವೆ ಅಳೆಯುವ ಕಾಗದ. ಹೊರಗಿನೆರಡು ಮಣ್ಣು ಮೆತ್ತದಂತೆ ಕಾಯುತ್ತವೆ. ಈ ಮೂರನ್ನು ಹೋಳುಗಳ ನಡುವೆ ಇಟ್ಟು, ಸಂದಿಲ್ಲದಂತೆ ಒತ್ತಿ, ಸುತ್ತ ಟೇಪ್ ಸುತ್ತಿ. ಬಾಟಲಿಯಲ್ಲಿ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಮುಚ್ಚಿ, ಮುಚ್ಚಳದ ಸುತ್ತಲೂ ಟೇಪ್ ಹಾಕಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಬಿಸಿಲು ಬೀಳದ ಕೋಣೆಯಲ್ಲಿ ಕನಿಷ್ಠ 7 ದಿನ ಬಿಡಿ. ಅವಸರಪಟ್ಟು ಮೂರನೇ ದಿನ ತೆಗೆದರೆ ಕಾಗದ ಇನ್ನೂ ಹೀರುತ್ತಲೇ ಇರುತ್ತದೆ, ಸಕ್ಷನ್ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ.

ತೂಗುವ ದಿನ ಇಬ್ಬರು ಬೇಕು. ಖಾಲಿ ಡಬ್ಬಿ ತೂಗಿಟ್ಟುಕೊಳ್ಳಿ. ಒಬ್ಬರು ಟೇಪ್ ಬಿಚ್ಚಿ ಹೋಳು ಬಿಡಿಸಬೇಕು, ಇನ್ನೊಬ್ಬರು ನಡುವಿನ ಕಾಗದವನ್ನು ಚಿಮಟದಲ್ಲಿ ಎತ್ತಿ ಐದು ಸೆಕೆಂಡಿನೊಳಗೆ ಡಬ್ಬಿಗೆ ಹಾಕಿ ಮುಚ್ಚಬೇಕು. ಫ್ಯಾನ್ ಆರಿಸಿರಿ. ತೂಗಿದ ಮೇಲೆ ಮುಚ್ಚಳ ಅರೆತೆರೆದು 110 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಇಡಿ. ಹೊರತೆಗೆಯುವ ಐದು ನಿಮಿಷ ಮೊದಲು ಓವನ್ ಒಳಗೇ ಮುಚ್ಚಳ ಬಿಗಿ ಮಾಡಿ. ಆಮೇಲೆ ಡಬ್ಬಿಯನ್ನು ದಪ್ಪ ಅಲ್ಯೂಮಿನಿಯಂ ತುಂಡಿನ ಮೇಲೆ ಅರ್ಧ ನಿಮಿಷ ಇಟ್ಟು ಕೂಡಲೇ ತೂಗಿ, ಕಾಗದ ತೆಗೆದು ಬಿಸಿ ಡಬ್ಬಿಯನ್ನು ಮತ್ತೊಮ್ಮೆ ತೂಗಿ. ಬಿಸಿ ಡಬ್ಬಿ ತಣ್ಣನೆಯದಕ್ಕಿಂತ ಹಗುರ ತೋರಿಸುತ್ತದೆ. ಒಣ ಕಾಗದದ ತೂಕವನ್ನು ಬಿಸಿ ಡಬ್ಬಿಯ ತೂಕದಿಂದಲೇ ಕಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಹಸಿ ಕಾಗದ 0.3012 ಗ್ರಾಂ, ಒಣ ಕಾಗದ 0.2380 ಗ್ರಾಂ ಬಂತೆನ್ನಿ. ತೇವಾಂಶ ಶೇ. 26.55. ವಾಟ್‌ಮನ್ 42ಕ್ಕೆ ತೇವಾಂಶ ಶೇ. 45.3ಕ್ಕಿಂತ ಕಡಿಮೆ ಇದ್ದಾಗ:

ಸಕ್ಷನ್‌ನ ಲಾಗ್ = 5.327 − 0.0779 × ತೇವಾಂಶ

ಅದಕ್ಕಿಂತ ಹೆಚ್ಚಿದ್ದರೆ:

ಸಕ್ಷನ್‌ನ ಲಾಗ್ = 2.412 − 0.0135 × ತೇವಾಂಶ

ಇಲ್ಲಿ ಲಾಗ್ ಎಂದರೆ 10ರ ಆಧಾರದ್ದು, ಸಕ್ಷನ್ ಕಿಲೋಪಾಸ್ಕಲ್‌ನಲ್ಲಿ. ನಮ್ಮ ಮಾದರಿಗೆ ಲಾಗ್ 3.26, ಸಕ್ಷನ್ ಸುಮಾರು 1,800 ಕಿಲೋಪಾಸ್ಕಲ್. ಲಾಗ್‌ಗೆ 1 ಕೂಡಿಸಿದರೆ ಪಿಎಫ್ ಎಂಬ ಅಳತೆ ಸಿಗುತ್ತದೆ, ಇಲ್ಲಿ 4.26. ಬೆಳೆ ಬಾಡಿಹೋಗುವ ಮಟ್ಟವೆಂದು ಕೃಷಿಯವರು ಹೇಳುವ 1,500 ಕಿಲೋಪಾಸ್ಕಲ್ ಅಂದರೆ ಪಿಎಫ್ 4.2. ಅದಕ್ಕಿಂತಲೂ ಒಣಗಿದ ಮಣ್ಣು ಇದು.

ಮಣ್ಣಿಗೆ ತಾಗಿದ ಕಾಗದ ಕಣಗಳ ಸೆಳೆತವನ್ನಷ್ಟೇ ತೋರಿಸುತ್ತದೆ. ತಾಗದಂತೆ ಉಂಗುರದ ಮೇಲೆ ಎತ್ತಿಟ್ಟ ಕಾಗದ ಲವಣದ ಸೆಳೆತವನ್ನೂ ಕೂಡಿಸಿ ಹೇಳುತ್ತದೆ. ಕಾಲುವೆ ನೀರಾವರಿಯಿಂದ ಸವಳು-ಜವಳಾದ ಭೂಮಿಯಲ್ಲಿ ಎರಡನ್ನೂ ಮಾಡಿ. ಆದರೆ ತಾಗದ ಕಾಗದ ಬಹಳ ಸೂಕ್ಷ್ಮ. 1,500 ಕಿಲೋಪಾಸ್ಕಲ್‌ನಲ್ಲೂ ಬಾಟಲಿಯೊಳಗಿನ ಗಾಳಿಯ ತೇವ ಶೇ. 98.9 ಇರುತ್ತದೆ, ಕೋಣೆಯ ಉಷ್ಣತೆ ಒಂದೆರಡು ಡಿಗ್ರಿ ಏರಿಳಿದರೆ ಮುಚ್ಚಳದಲ್ಲಿ ಹನಿಗಟ್ಟಿ ಕಾಗದದ ಮೇಲೆ ಬೀಳುತ್ತದೆ. ಉಳಿದ ಕಡೆ ತಾಗಿದ ಕಾಗದವೇ ಸಾಕು.

ನಾಲ್ಕನೆಯದು: ಎಷ್ಟು ಉಬ್ಬಬಹುದು

ಒಂದು ಹಾಳೆಯಲ್ಲಿ ಆಳವನ್ನು ಕೆಳಮುಖವಾಗಿ, ಪಿಎಫ್ ಅನ್ನು ಅಡ್ಡಕ್ಕೆ ಹಾಕಿ ಮೇ ಮತ್ತು ಅಕ್ಟೋಬರಿನ ಗೆರೆ ಎಳೆಯಿರಿ. ಮೇಲೆ ಅಗಲವಾಗಿರುವ ಎರಡು ಗೆರೆ ಕೆಳಗೆ ಹೋದಂತೆ ಹತ್ತಿರವಾಗಿ ಕೂಡುತ್ತವೆ. ಕೂಡುವ ಆಳವೇ ಸಕ್ರಿಯ ಆಳ. ಭಾರತದ ಎರೆಮಣ್ಣಿಗೆ 3.5 ಮೀಟರ್ ಎಂದು ಹಿಡಿಯುವುದು ರೂಢಿ. ಮರವಿದ್ದಲ್ಲಿ ಇನ್ನೂ ಆಳ ಇರಬಹುದು, ಅದಕ್ಕೇ ನಿಮ್ಮದೇ ಗೆರೆ ಬೇಕು.

ಒಂದು ಪಿಎಫ್ ಬದಲಾದರೆ ಮಣ್ಣು ಶೇಕಡಾ ಎಷ್ಟು ಕುಗ್ಗುತ್ತದೆ ಅಥವಾ ಉಬ್ಬುತ್ತದೆ ಎಂಬ ಸೂಚ್ಯಂಕ ತಿಳಿಯಲು ಆಸ್ಟ್ರೇಲಿಯದಲ್ಲಿ ವಾಡಿಕೆಯಾಗಿರುವ ಕುಗ್ಗು-ಉಬ್ಬು ಪರೀಕ್ಷೆ ಸರಳ. ಕದಡದ ಒಂದು ತುಂಡನ್ನು 25 ಕಿಲೋಪಾಸ್ಕಲ್ ಭಾರದಡಿ ನೆನೆಸಿ ಉಬ್ಬಿನ ಶೇಕಡಾವಾರು, ಇನ್ನೊಂದು ತುಂಡನ್ನು ಓವನ್‌ವರೆಗೆ ಒಣಗಿಸಿ ಕುಗ್ಗಿನ ಶೇಕಡಾವಾರು ಅಳೆಯಬೇಕು. ಉಬ್ಬಿನ ಅರ್ಧಕ್ಕೆ ಕುಗ್ಗನ್ನು ಕೂಡಿಸಿ 1.8ರಿಂದ ಭಾಗಿಸಿ. ಉಬ್ಬು 4.4, ಕುಗ್ಗು 5 ಬಂದರೆ ಸೂಚ್ಯಂಕ 4.

ಈಗ ಪದರ ಪದರವಾಗಿ ಕೂಡಿಸೋಣ. ಮೇಲಿನ ಅರ್ಧ ಮೀಟರಿನಲ್ಲಿ ಪಿಎಫ್ ಸರಾಸರಿ 1.4 ಬದಲಾದರೆ 28 ಮಿಲಿಮೀಟರ್. ಮುಂದಿನ ಅರ್ಧ ಮೀಟರಿನಲ್ಲಿ 1.1 ಬದಲಾದರೆ 22. ಒಂದರಿಂದ ಎರಡು ಮೀಟರ್ ನಡುವೆ 0.6 ಬದಲಾದರೆ 24. ಎರಡರಿಂದ ಮೂರೂವರೆ ಮೀಟರ್ ನಡುವೆ 0.2 ಬದಲಾದರೆ 12. ಇಲ್ಲಿ ಒಂದು ತಿದ್ದುಪಡಿ ಬೇಕು. ಬಿರುಕು ಬಿಟ್ಟ ಪದರದಲ್ಲಿ ಉಬ್ಬಿನ ಒಂದು ಪಾಲು ಬಿರುಕನ್ನು ಮುಚ್ಚಲು ಹೋಗುತ್ತದೆ, ಬಿರುಕಿಲ್ಲದ ಪದರ ಅಷ್ಟನ್ನೂ ಮೇಲಕ್ಕೇ ತಳ್ಳುತ್ತದೆ. ಅದಕ್ಕೆ ಬಿರುಕಿನ ಕೆಳಗಿನ ಪದರವನ್ನು 2ರಿಂದ ಆಳದ ಐದನೇ ಒಂದು ಭಾಗ ಕಳೆದ ಅಂಕಿಯಿಂದ ಗುಣಿಸುತ್ತಾರೆ. ಬಿರುಕು 2 ಮೀಟರ್‌ವರೆಗೆ ಇದ್ದರೆ, ಕೊನೆಯ ಪದರದ ನಡು ಆಳ 2.75, ಗುಣಕ 1.45, ಹಾಗಾಗಿ 12 ಹೋಗಿ 17. ಒಟ್ಟು 91 ಮಿಲಿಮೀಟರ್.

ಆಸ್ಟ್ರೇಲಿಯದ ಮನೆ ಪಾಯದ ಮಾನಕ ಎಎಸ್ 2870ರಲ್ಲಿ 75 ಮಿಲಿಮೀಟರ್ ದಾಟಿದ ನಿವೇಶನ ಅತ್ಯಂತ ಕೆಟ್ಟ ವರ್ಗಕ್ಕೆ ಸೇರುತ್ತದೆ. ಆದರೆ ಈ 91ರಲ್ಲಿ 50 ಬಂದದ್ದು ಮೇಲಿನ ಒಂದೇ ಮೀಟರಿನಿಂದ. ಆ ಒಂದು ಮೀಟರನ್ನು ತೆಗೆದು ಉಬ್ಬದ ಮಣ್ಣು ತುಂಬಿದರೆ ಉಳಿಯುವುದು 41, ಎರಡು ಮೀಟರ್ ತೆಗೆದರೆ 17. ಹಣ ಎಲ್ಲಿ ಹಾಕಬೇಕೆಂದು ಈ ಲೆಕ್ಕ ನೇರವಾಗಿ ಹೇಳುತ್ತದೆ.

ಉಬ್ಬೊತ್ತಡವನ್ನು, ಅಂದರೆ ಉಬ್ಬುವ ಮಣ್ಣು ಮೇಲಕ್ಕೆ ತಳ್ಳುವ ಒತ್ತಡವನ್ನು, ಐಎಸ್ 2720ರ ಭಾಗ 41ರಂತೆ ಗಾತ್ರ ಬದಲಾಗದಂತೆ ತಡೆದು ಅಳೆಯಬಹುದು. ಮಾದರಿ ಮೇ ತಿಂಗಳದ್ದೇ ಇರಲಿ. ಅಕ್ಟೋಬರಿನ ನೆನೆದ ಮಾದರಿ ಆಗಲೇ ಉಬ್ಬಿ ಮುಗಿದಿರುತ್ತದೆ, ಸೊನ್ನೆಗೆ ಹತ್ತಿರದ ಅಂಕಿ ಕೊಟ್ಟು ಸುಳ್ಳು ಧೈರ್ಯ ತುಂಬುತ್ತದೆ. ಅಳೆದ ಒತ್ತಡ 150 ಕಿಲೋಪಾಸ್ಕಲ್ ಎಂದಾದರೆ ಗೋಡೆಯ ಕೆಳಗಿನ ಭಾರ ಅದನ್ನು ಅರೆಬರೆ ತಡೆಯಬಹುದು, ನೆಲಹಾಸಿನ ಭಾರ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಎರೆಯ ಮೇಲಿನ ಮನೆಗಳಲ್ಲಿ ಮೊದಲು ಏಳುವುದು ನೆಲ.

ಐದನೆಯದು: ಪಾಯದ ಆಯ್ಕೆ

ಗರಸು ಹತ್ತಿರದಲ್ಲಿದ್ದರೆ ಪಾಯವನ್ನು ಅದರ ಮೇಲೇ ಕೂರಿಸಿ. ಆದರೆ ಎರೆಯ ಮೂಲಕ ಹಾದುಹೋಗುವ ಪಾಯದ ಗೋಡೆಗೆ ಎರೆ ಅಂಟಿಕೊಂಡು ಮೇಲೆತ್ತದಂತೆ ಎರಡೂ ಬದಿಗೆ ಗರಸು ತುಂಬಬೇಕು.

ಮಣ್ಣು ಬದಲಿಸುವುದಾದರೆ ಏನನ್ನು ತುಂಬುತ್ತೀರಿ ಎಂಬುದೇ ಮುಖ್ಯ. ಎರೆಯೊಳಗೆ ತೋಡಿದ ಗುಂಡಿಗೆ ಮರಳು ತುಂಬುವುದು ತಪ್ಪು. ನೀರು ಇಳಿಯದ ಎರೆಯ ನಡುವೆ ಮರಳಿನ ಗುಂಡಿ ತೊಟ್ಟಿಯಾಗುತ್ತದೆ, ಮಳೆನೀರನ್ನು ಕೂಡಿಟ್ಟು ಆಳದ ಒಣ ಎರೆಗೆ ನಿಧಾನವಾಗಿ ಉಣಿಸುತ್ತದೆ. ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಅವರು ರೂಪಿಸಿದ ಉಬ್ಬದ ಅಂಟುಮಣ್ಣಿನ ಪದರ ಇದಕ್ಕೆ ಉತ್ತರ. ಮಲಪ್ರಭಾ ಕಾಲುವೆಯ ಎರೆ ಭಾಗಗಳಲ್ಲಿ ಬಳಕೆಯಾದ ಈ ವಿಧಾನ ಐಎಸ್ 9451ರಲ್ಲಿ ಸೇರಿದೆ. ದ್ರವಮಿತಿ 30ರಿಂದ 50, ಪ್ಲಾಸ್ಟಿಕ್ ಸೂಚ್ಯಂಕ (ಮಣ್ಣು ಮೆತ್ತಗೆ ಉಳಿಯುವ ತೇವಾಂಶದ ಹರವು) 15ರಿಂದ 30, ಬಡಿದ ಸ್ಥಿತಿಯಲ್ಲಿ ಉಬ್ಬೊತ್ತಡ 10 ಕಿಲೋಪಾಸ್ಕಲ್ ಒಳಗೆ ಇರುವ ಮಣ್ಣು ಬೇಕು. ಒಳ್ಳೆಯ ಮಸಾರಿ ಮಣ್ಣು ಮತ್ತು ಗರಸಿನ ಮಿಶ್ರಣ ಸಾಮಾನ್ಯವಾಗಿ ಇದಕ್ಕೆ ಹೊಂದುತ್ತದೆ. ಆದರೆ ಬಸಾಲ್ಟ್ ಕರಗಿ ಆದ ಕೆಲವು ಗರಸಿನಲ್ಲೇ ಮಾಂಟ್‌ಮೊರಿಲೊನೈಟ್ ಇರುತ್ತದೆ, ಲಾರಿ ಖಾಲಿ ಮಾಡಿಸುವ ಮುನ್ನ ಎರಡು ಸಿಲಿಂಡರಿನ ಪರೀಕ್ಷೆ ಮಾಡಿ. 15ರಿಂದ 20 ಸೆಂಟಿಮೀಟರ್ ಪದರ ಹಾಕಿ, ಹದ ತೇವಾಂಶದಲ್ಲಿ ಅಥವಾ ತುಸು ಹೆಚ್ಚಿನದರಲ್ಲಿ ಪ್ರತಿ ಪದರವನ್ನೂ ಬಡಿಯಿರಿ. ಒಣ ಗರಸನ್ನು ಸುಮ್ಮನೆ ಸುರಿದು ಬಿಟ್ಟರೆ ಉಲ್ಟಾ ತೊಂದರೆ. ಮೊದಲ ಬಾರಿ ನೆನೆದಾಗ ಕಣಗಳ ನಡುವಿನ ಸೆಳೆತ ಕಳಚಿ ತುಂಬಿದ್ದು ಕುಸಿಯುತ್ತದೆ, ನೆಲದ ಟೈಲ್ಸ್ ಕೆಳಗೆ ಟೊಳ್ಳಾಗುತ್ತದೆ.

ಎರೆ ಆಳವಾಗಿದ್ದರೆ ಬುಡದಲ್ಲಿ ಉಬ್ಬಿದ ಪೈಲ್ (ನೆಲ ಕೊರೆದು ಹಾಕುವ ಕಾಂಕ್ರೀಟ್ ಕಂಬ), ಅಂದರೆ ಅಂಡರ್‌ರೀಮ್ಡ್ ಪೈಲ್, ನಮ್ಮ ಮೊದಲ ಆಯ್ಕೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಈ ಪದ್ಧತಿ ಐಎಸ್ 2911ರ ಮೂರನೇ ಭಾಗದಲ್ಲಿದೆ. ಕಾಂಡದ ವ್ಯಾಸ 300 ಮಿಲಿಮೀಟರ್ ಇದ್ದರೆ ಬಲ್ಬ್, ಅಂದರೆ ಬುಡದ ಉಬ್ಬು, ಸಾಮಾನ್ಯವಾಗಿ ಅದರ ಎರಡೂವರೆ ಪಟ್ಟು, 750. ಆಳ ಕನಿಷ್ಠ 3.5 ಮೀಟರ್, ಪೈಲ್‌ನಿಂದ ಪೈಲ್‌ಗೆ ಅಂತರ ಬಲ್ಬಿನ ಎರಡು ಪಟ್ಟು, ಅಂದರೆ 1.5 ಮೀಟರ್‌ಗಿಂತ ಕಡಿಮೆ ಬೇಡ. ಮೇಲಿನ ಎರೆ ಉಬ್ಬುವಾಗ ಕಾಂಡವನ್ನು ಮೇಲಕ್ಕೆಳೆಯುತ್ತದೆ, ಕೆಳಗಿನ ಬಲ್ಬ್ ಹಿಡಿದು ನಿಲ್ಲಿಸುತ್ತದೆ. ಕಾಂಡದಲ್ಲಿ ಎಳೆತ ಬೀಳುವುದರಿಂದ ಕಂಬಿ ಪೂರ್ತಿ ಉದ್ದಕ್ಕೂ ಇರಲೇಬೇಕು. ಬಲ್ಬ್ ಕೊರೆದ ದಿನವೇ ತಳದ ಸಡಿಲ ಮಣ್ಣು ತೆಗೆದು ಕಾಂಕ್ರೀಟ್ ಹಾಕಿ. ರಾತ್ರಿ ಬಿಟ್ಟು ಮಳೆ ಬಂದರೆ ಬಲ್ಬಿನ ಚಾವಣಿ ಕುಸಿಯುತ್ತದೆ, ಮೇಲಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಪೈಲ್‌ಗಳ ಮೇಲಿನ ಬೀಮ್ ಮತ್ತು ನೆಲದ ನಡುವೆ ಕನಿಷ್ಠ 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು. ಇಡೀ ಪದ್ಧತಿ ನಿಂತಿರುವುದು ಈ ಖಾಲಿ ಜಾಗದ ಮೇಲೆ. ನಮ್ಮ ಲೆಕ್ಕದಂತೆ 91 ಬರುವ ಕಡೆ 80 ಸಾಲದು, 100ರಿಂದ 120 ಬಿಡಿ. ಜಾಗ ಖಾಲಿ ಕಂಡರೆ ಇಟ್ಟಿಗೆ ಚೂರು, ಮರಳು ತುಂಬಿ ಮಟ್ಟ ಮಾಡುವುದು ಮೇಸ್ತ್ರಿಗಳ ಅಭ್ಯಾಸ. ಏಕೆ ತುಂಬಬಾರದು ಎಂದು ಅವರಿಗೆ ಮೊದಲೇ ವಿವರಿಸಿ ಹೇಳಿ, ಬೀಮಿನ ಹೊರಬದಿಗೆ ಚಪ್ಪಡಿ ನಿಲ್ಲಿಸಿ ಮಣ್ಣು ಒಳಗೆ ಉರುಳದಂತೆ ನೋಡಿಕೊಳ್ಳಿ. ಪೈಲ್ ಹಾಕಿ ನೆಲವನ್ನು ಮಾತ್ರ ಎರೆಯ ಮೇಲೇ ಹಾಸಿದರೆ ಗೋಡೆ ಉಳಿಯುತ್ತದೆ, ನೆಲ ಏಳುತ್ತದೆ. ನೆಲವನ್ನೂ ಬೀಮಿನ ಮೇಲೆ ಸ್ಲ್ಯಾಬ್ ಆಗಿ ಎತ್ತಿ ಹಾಕಿ, ಅಥವಾ ಕೆಳಗಿನ ಒಂದು ಮೀಟರ್ ಬದಲಿಸಿ.

ಸುಣ್ಣ ಬೆರೆಸುವುದು ರಸ್ತೆಗೆ ಚೆನ್ನಾಗಿ ಒಗ್ಗುತ್ತದೆ. ಮನೆಗೆ ಬಳಸುವುದಾದರೆ ಮಣ್ಣಿನಲ್ಲಿ ಸಲ್ಫೇಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಜಿಪ್ಸಂ ಇರುವ ಎರೆಗೆ ಸುಣ್ಣ ಸೇರಿದರೆ ಎಟ್ರಿಂಗೈಟ್ ಎಂಬ ಹರಳು ಬೆಳೆದು ಮೊದಲಿಗಿಂತ ಹೆಚ್ಚು ಉಬ್ಬುತ್ತದೆ.

ನೀರನ್ನು ಒಂದೇ ಸಮ ಇಡುವುದು

ಕಟ್ಟಡ ಮುಚ್ಚಿದ ನೆಲದಿಂದ ನೀರು ಆವಿಯಾಗುವುದು ನಿಲ್ಲುತ್ತದೆ. ಬೇಸಿಗೆಯಲ್ಲಿ ಕಟ್ಟಿದ ಮನೆಯ ನಡುಭಾಗದಡಿ ಕೆಲವು ವರ್ಷಗಳಲ್ಲಿ ತೇವ ಏರಿ ನಡು ಉಬ್ಬುತ್ತದೆ. ಅಂಚುಗಳು ಮಾತ್ರ ಪ್ರತಿ ವರ್ಷ ಏರಿ ಇಳಿಯುತ್ತವೆ. ಆದ್ದರಿಂದ ಸುತ್ತಲೂ ಕನಿಷ್ಠ ಒಂದೂವರೆ ಮೀಟರ್ ಅಗಲದ ಗಚ್ಚು ಹಾಕಿ, ಹೊರಮುಖವಾಗಿ ಇಳಿಜಾರು ಕೊಟ್ಟು, ಗೋಡೆಗೆ ಸೇರುವ ಸಂದಿಯನ್ನು ಬಿಟುಮೆನ್‌ನಿಂದ ಮುಚ್ಚಿ. ಚಾವಣಿಯ ನೀರಿನ ಕೊಳವೆ ಗಚ್ಚಿನಾಚೆ ಬೀಳಲಿ. ಇಂಗುಗುಂಡಿ, ಬಚ್ಚಲ ಗುಂಡಿ ಪಾಯದಿಂದ 6 ಮೀಟರಿಗಿಂತ ಹತ್ತಿರ ಬೇಡ. ಒಳಚರಂಡಿ ಕೊಳವೆ ಗೋಡೆ ದಾಟುವಲ್ಲಿ ಬಾಗುವ ಜೋಡಣೆ ಕೊಡಿ, ಗಟ್ಟಿ ಜೋಡಣೆ ನೆಲ ಅಲುಗಿದಾಗ ಮುರಿದು ಅಲ್ಲೇ ನೀರು ಸೋರಿ ಅಲ್ಲೇ ಉಬ್ಬುತ್ತದೆ. ಬೇವು, ನೀಲಗಿರಿಯಂಥ ಮರವನ್ನು ಅದು ಬೆಳೆಯುವ ಎತ್ತರದಷ್ಟಾದರೂ ದೂರ ನೆಡಿ. ನಿವೇಶನದಲ್ಲಿದ್ದ ದೊಡ್ಡ ಮರ ಕಡಿದಿದ್ದರೆ ಕನಿಷ್ಠ ಒಂದು ಮಳೆಗಾಲ ಕಳೆದ ಮೇಲೆಯೇ ಪಾಯ ತೋಡಿ. ಕಡಿದ ಹೊಸದರಲ್ಲಿ, ಬೇರು ಒಣಗಿಸಿದ್ದ ಆಳದ ಮಣ್ಣು ಆಗಷ್ಟೇ ನೀರು ಹೀರಲು ತೊಡಗಿರುತ್ತದೆ.

ಈಗಾಗಲೇ ಬಿರುಕು ಬಿಟ್ಟ ಮನೆಯಲ್ಲಿ ಬಿರುಕಿನ ಆಕಾರ ನೋಡಿ. ಮೇಲೆ ಅಗಲ, ಕೆಳಗೆ ಸಣ್ಣದಾಗಿದ್ದರೆ ನಡು ಎದ್ದಿದೆ ಅಥವಾ ಅಂಚು ಇಳಿದಿದೆ. ಕೆಳಗೆ ಅಗಲವಿದ್ದರೆ ಅಂಚು ಎದ್ದಿದೆ. ಗಾರೆ ತುಂಬಿ ಮುಚ್ಚುವ ಅವಸರ ಬೇಡ: ಬಿರುಕಿನ ಎರಡೂ ಬದಿಗೆ ಮೊಳೆ ಹೊಡೆದು ವರ್ನಿಯರ್ ಕ್ಯಾಲಿಪರ್‌ನಿಂದ ನಡುವಿನ ಅಂತರವನ್ನು ಮೇ ಮತ್ತು ಅಕ್ಟೋಬರಿನಲ್ಲಿ ಅಳೆದು ಬರೆದಿಡಿ. ಮಳೆಗಾಲಕ್ಕೆ ಮುಚ್ಚಿ ಬೇಸಿಗೆಗೆ ತೆರೆಯುತ್ತಿದ್ದರೆ ಕಾರಣ ಅಂಚಿನ ತೇವ, ಗಚ್ಚು ಮತ್ತು ಮರದ ಕಡೆ ಗಮನ ಕೊಡಿ. ಋತುವಿನ ಹಂಗಿಲ್ಲದೆ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಎಲ್ಲೋ ಕೊಳವೆ ಸೋರುತ್ತಿದೆ ಅಥವಾ ನಡು ಇನ್ನೂ ಏಳುತ್ತಿದೆ. ನೆಲದ ಮಟ್ಟವನ್ನೂ ಅಳೆಯುವುದಾದರೆ ಆಧಾರದ ಗುರುತನ್ನು ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಹಾಕಬೇಡಿ, ಅದೂ ಏರಿಳಿಯುತ್ತದೆ. ಕೊಳವೆಯೊಳಗೆ ಸಡಿಲವಾಗಿ ಇಳಿಸಿ, ಸಕ್ರಿಯ ಆಳಕ್ಕಿಂತ ಕೆಳಗೆ 4 ಮೀಟರಿನಲ್ಲಿ ಕಾಂಕ್ರೀಟಿನಿಂದ ಹಿಡಿಸಿದ ಕಂಬಿಯ ತುದಿಯನ್ನೇ ಆಧಾರವಾಗಿ ಇಟ್ಟುಕೊಳ್ಳಿ.